ದೊರೆಸಾನಿಯ ಕೊಂಕಣಿ

ಪೆಟಾಲಿಂಗ್ ಜಯಾ, ಮಲೇಷ್ಯಾ

ಮನೆ ಮಾಲೀಕರಾದ ಶ್ರೀಕಂಠಯ್ಯನವರಿಗೆ ಬಾಡಿಗೆದಾರ ಫೌಸ್ಟಿನ್‌ನ ನಮಸ್ಕಾರಗಳು.

ರಬ್ಬರ್ ತೋಟದ ಬಂಗಲೆಯ ಹರಾಜಿನಲ್ಲಿ ನೀವು ಕೊಂಡು ಈ ಮನೆಯ ಗೋಡೆಗೆ ತೂಗುಹಾಕಿದ್ದ ತೈಲಚಿತ್ರವನ್ನು ಒಯ್ಯಲು ಶನಿವಾರ ಜನ ಬರುತ್ತಾರೆಂದು ಬರೆದಿದ್ದೀರಿ. ಚಿತ್ರದೊಳಗಿನ ಸ್ಕಾಟ್ಲೆಂಡಿನ ದೊರೆಸಾನಿ ಕ್ಷೇಮ. ನಾನೂರು ವರ್ಷವಾದರೂ ಕೊರಳ ಸುತ್ತಿನ ಬಿಳಿ ಲೇಸು ನೀರುದೋಸೆಯಂತೆ ಮಡಿಕೆ ಮಡಿಕೆಯಾಗಿಯೇ ಇದೆ.

ಒಂದು ತಪ್ಪೊಪ್ಪಿಗೆ. ಮಂಗಳೂರಿನಿಂದ ಬಂದ ನಮ್ಮಮ್ಮ, ಕಣ್ಣು ಮಂಜಾಗಿದ್ದರಿಂದ, ಆಕೆಯನ್ನು ಯಾರೋ ಸಂತಳೆಂದು ತಿಳಿದು ಮೊದಲ ದಿನವೇ ಮೇಣದಬತ್ತಿ ಹಚ್ಚಿಬಿಟ್ಟರು.

"ಅಮ್ಮಾ, ಇವಳು ಸಂತಳಲ್ಲ, ಮಾಲೀಕರ ಸಾಮಾನು" ಅಂದೆ.

"ಸುಮ್ನಿರು ಮಾರಾಯ, ಅವಳಿಗೆ ಕೇಳಿಸ್ತದೆ!"

ಎರಡು ವರ್ಷ ದಿನಾ ಸಂಜೆ ಏಳಕ್ಕೆ ಆಕೆಯೆದುರೇ ನಮ್ಮ ಜಪಸರ ಪ್ರಾರ್ಥನೆ. ಪ್ರತಿ ಜಪದ ಮೊದಲರ್ಧ ನನ್ನದು, ಉಳಿದರ್ಧ ಅಮ್ಮನದು.

ಕಳೆದ ತಿಂಗಳು ಅಮ್ಮ ತೀರಿಕೊಂಡರು. ನಾನು ಅಭ್ಯಾಸಬಲದಿಂದ ಮೊದಲರ್ಧ ಹೇಳಿ ನಿಲ್ಲಿಸುತ್ತೇನೆ. ಉಳಿದರ್ಧ ಗೋಡೆಯಿಂದ ಬರುತ್ತದೆ. ಸ್ಕಾಟ್ಲೆಂಡಿನ ದೊರೆಸಾನಿಯ ಬಾಯಲ್ಲಿ ಅಪ್ಪಟ ಮಂಗಳೂರು ಕೊಂಕಣಿ, ನಡುನಡುವೆ ಅಮ್ಮನ ಕೆಮ್ಮು ಬೇರೆ!

ಚಿತ್ರ ನಿಮ್ಮದು, ತಕರಾರಿಲ್ಲ. ಶನಿವಾರ ನಿಮ್ಮವರನ್ನು ಏಳೂವರೆಯ ನಂತರ ಕಳುಹಿಸಿದರೆ ಸಾಕು. ಕೊನೆಯ 'ಆಮೆನ್' ಅಮ್ಮನ ಪಾಲಿನದು.

ಇಂತಿ,
ನಿಮ್ಮ ಗೋಡೆಯ ಕಾವಲುಗಾರ
ಫೌಸ್ಟಿನ್