ಒಡಪಿಲ್ಲದೆ ಕರೆದ ಹೆಸರು

ಜುಲೈ 26, 1949, ಮಂಗಳವಾರ. ನೈರೋಬಿ, ಬೆಳಿಗ್ಗೆ

ಇದನ್ನು ಬರೆಯದೇ ಬಿಡಬೇಕೆಂದಿದ್ದೆ. ನಿನ್ನೆ ಜಿರಾಫೆಯ ಬಗ್ಗೆ ಅಷ್ಟುದ್ದ ಬರೆದು ಇಷ್ಟನ್ನು ಮಾತ್ರ ನುಂಗಿಕೊಂಡೆ — ಜಿರಾಫೆ ಇದ್ದದ್ದು ಕಾರಿನ ಎಡಗಡೆ. ಇವರು "ಆಹಾ, ಏನು ಡೌಲು!" ಎಂದದ್ದು ಬಲಗಡೆಯ ಜಾಲಿಮರ ನೋಡಿ.

ಯಾರೂ ಓದದ ಪುಸ್ತಕದಲ್ಲೂ ಮುಚ್ಚಿಟ್ಟೆನೆಂದರೆ, ಯಾರಿಂದ? ನನ್ನಿಂದಲೇ ಇರಬೇಕು. ಹಾಗಾಗಿ ಎಲ್ಲವನ್ನೂ ನೇರವಾಗಿ ಬರೆದುಬಿಡುತ್ತೇನೆ.

ಇವರು ಹಾನಗಲ್ಲಿನ ಡಾಕ್ಟರು. ಹಳ್ಳಿಹಳ್ಳಿಗೆ ಹೋಗಿ ಕಣ್ಣಿನ ಪೊರೆ ತೆಗೆಯುವವರು. ಮಾರ್ಚಿನಲ್ಲಿ ಹಂಸಭಾವಿಯ ಶಾಲೆಯಲ್ಲಿ ಕ್ಯಾಂಪು. ಯಾವಾಗಿನಂತೆ ಬ್ಯಾಟರಿ ಹಿಡಿದವಳು ನಾನು. ಮೇಜಿನ ಮೇಲೆ ಫಕ್ಕೀರವ್ವ ಎಂಬ ಮುದುಕಿ. "ಬೆಳಕು ಹತ್ರ ತಾ" ಅಂದರು. ತಂದೆ. "ಇನ್ನೂ ಹತ್ರ." ಬ್ಯಾಟರಿಯ ಗಾಜು ಮುದುಕಿಯ ಮೂಗಿಗೆ ತಾಗುವಂತಿತ್ತು. ಕತ್ತಿ ಒಂದು ಕ್ಷಣ ಗಾಳಿಯಲ್ಲಿ ಜಾಗ ಹುಡುಕಿತು... ಆಮೇಲೆ ಸರಿಯಾದ ಕಡೆಗೇ ಇಳಿಯಿತು. ಫಕ್ಕೀರವ್ವನಿಗೆ ಕಣ್ಣು ಬಂತು. ಪಟ್ಟಿ ಬಿಚ್ಚಿದ ದಿನ ಇವರ ಮುಖ ನೋಡಿ, "ಡಾಕ್ಟರಪ್ಪಾ, ನೀ ಇಷ್ಟ ಕರ್ರಗ ಅದಿ ಅಂತ ಗೊತ್ತಿರ್ಲಿಲ್ಲ ಬಿಡೊ!" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ನನಗೆ ಆ ಕ್ಷಣ ಇನ್ನೂ ಮುಗಿದಿಲ್ಲ.

ಏಪ್ರಿಲ್‌ನಲ್ಲಿ ಊಟಕ್ಕೆ ಕುಳಿತವರು ಇದ್ದಕ್ಕಿದ್ದಂತೆ — "ಆಫ್ರಿಕಾಕ್ಕ ಹೋಗೋಣು. ಕಾಡಾನಿ ನೋಡಬೇಕು." ನನ್ನ ತಮ್ಮ ನರಸಿಂಹ ಇಲ್ಲಿ ರೇಲ್ವೆ ಆಫೀಸಿನಲ್ಲಿದ್ದಾನೆ, ಎಷ್ಟೋ ವರ್ಷದಿಂದ ಕರೆಯುತ್ತಿದ್ದ. ಆದರೆ ಸವಣೂರಿನ ನನ್ನ ತವರಿಗೆ ಬರಲೂ ಪುರುಸೊತ್ತಿಲ್ಲ ಎನ್ನುತ್ತಿದ್ದ ಮನುಷ್ಯ ಇವರು! ಜಗತ್ತಿನ ದೊಡ್ಡ ಪ್ರಾಣಿಗಳನ್ನೆಲ್ಲ ಅವಸರ ಅವಸರವಾಗಿ ನೋಡಲು ಹೊರಟದ್ದು ಯಾಕೆಂದು ತಿಳಿಯದಷ್ಟು ದಡ್ಡಿಯಲ್ಲ. ಕೇಳಲಿಲ್ಲ.

ಹಿರೇಕೆರೂರಿನ ಹತ್ತಿ ವ್ಯಾಪಾರಿ ಕುಬೇರಪ್ಪನವರ ಕಾಗದ ನಮಗಿಂತ ಮೊದಲೇ ಇಲ್ಲಿ ಬಂದು ಕೂತಿದೆ. ದಸರೆಯಾದ ಮೇಲೆ ಅವರ ಹತ್ತಿ ತುಂಬುವ ವಖಾರದಲ್ಲಿ ದೊಡ್ಡ ಕ್ಯಾಂಪು. ದಿನ ಗೊತ್ತುಮಾಡಿ ತಿಳಿಸಬೇಕಂತೆ. ಆಗಲೇ ಅರವತ್ತು ಜನ ಹೆಸರು ಹಚ್ಚಿದ್ದಾರೆ.

ಅರವತ್ತು ಜನರ ಕಣ್ಣು.

ಅದೇ ದಿನ, ಸಂಜೆ

ಮತ್ತೆ ಪಾರ್ಕು. ಊರಿಗೆ ಹೊಂದಿಕೊಂಡೇ ಕಾಡು, ಕಾಡಿನ ಆಚೆ ಊರಿನ ಕಟ್ಟಡಗಳು. ಪಟ್ಟೆ ಕುದುರೆಗಳು ನಮ್ಮ ಸಂತೆಯ ದನಗಳ ಹಾಗೆ ರಸ್ತೆಗೆ ಅಡ್ಡ ನಿಂತವು. ಹಾರ್ನ್ ಹೊಡೆದರೂ ಕದಲಲಿಲ್ಲ. ಎಷ್ಟು ಹತ್ತಿರ! ಇವರಿಗೂ ಕಂಡವು. ಅದಕ್ಕೇ ಅವು ಕದಲದಿರಲೆಂದು ಬೇಡಿಕೊಂಡೆ.

ಕಾರು ನಡೆಸಿ ಕಾಡು ತೋರಿಸುವವನು ಮುನಾಫ. ನಮ್ಮ ಸವಣೂರಿನವನೇ. ಊರು ಬಿಟ್ಟು ಇಪ್ಪತ್ತು ವರ್ಷವಾದರೂ ಮಾತು ಬಿಟ್ಟಿಲ್ಲ. ನಾನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬೋಟಿನಲ್ಲಿ ದಿನಾ ಮಗುಚಿ ಮಗುಚಿ ತಂದ ಸವಣೂರಿನ ವೀಳ್ಯದೆಲೆ ಕೊಟ್ಟಾಗ ಕಣ್ಣಿಗೊತ್ತಿಕೊಂಡ. ಆಮೇಲೆ ಅರ್ಧ ದಿನ ಮಾತೇ ಇಲ್ಲ, ಬಾಯಿ ತುಂಬಿತ್ತು.

ಗೇಟಿನಲ್ಲಿ ಹೆಸರು ಬರೆಸಬೇಕು. ಇವರು ದೂರದಲ್ಲಿ ನಿಂತು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು.

"ಸಾಹೇಬ್ರ ಹೆಸರ ಹೇಳ್ರಿ ಬಾಯಾರ" ಅಂದ ಮುನಾಫ.

"ಡಾಕ್ಟರ್ ಅಂತ ಬರಸು."

"ಡಾಕ್ಟರ್ ಅಂತ ಯಾರ ಹೆಸರಿಡ್ತಾರ್ರಿ?" ಆಮೇಲೆ ಹೊಳೆಯಿತು ಅವನಿಗೆ, ನಕ್ಕ. "ಸಮುದ್ರ ದಾಟಿದ್ರೂ ಗಂಡನ ಹೆಸರ ಬಾಯಾಗ ಬರಾಂಗಿಲ್ಲ! ಇರ್ಲಿ ಬಿಡ್ರಿ, ನಮ್ಮ ಲಾಲಬಿನೂ ಹಂಗ. ನನ್ನ ಕರೀಬೇಕಂದ್ರ 'ನಿಯಾಜನ ಅಪ್ಪಾ' ಅಂತ ಮಗನ ಹೆಸರ ಹಿಡದ ಒದರ್ತಾಳ."

ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಇಂಗ್ಲಿಷಿನಲ್ಲಿ ಭಾಷಣ ಮಾಡಿ ಬಹುಮಾನ ತಂದವಳು. ಗಂಡನ ಹೆಸರು ಬಾಯಿಬಿಟ್ಟು ಹೇಳಿದ್ದು ಮದುವೆಯಲ್ಲಿ, ಒಡಪಿನೊಳಗೆ ಮಡಚಿಟ್ಟು — ಎರಡು ಸಾಲು ಪ್ರಾಸ ಕಟ್ಟಿ, ಕೊನೆಗೆ ಹೆಸರು. ಆಮೇಲೆ ಯಾರೋ ಬಸುರಿಯ ಕುಬುಸಕ್ಕೆ ಹೆಂಗಸರು ಗಂಟುಬಿದ್ದಾಗ ಮತ್ತೊಮ್ಮೆ ಮಗದೊಮ್ಮೆ. ಒಡಪಿಲ್ಲದೆ ಎಂದೂ ಇಲ್ಲ. ಈ ಪುಸ್ತಕದಲ್ಲೂ 'ಇವರು'. ಇದು ಗೌರವವೋ, ಬರೀ ರೂಢಿಯೋ? ಎಷ್ಟೋ ಸಲ ಕೇಳಿಕೊಂಡಿದ್ದೇನೆ.

ಜುಲೈ 30, ಶನಿವಾರ. ನಕುರು

ಚಳಿ. ಇಲ್ಲಿಯ ಜುಲೈ ನಮ್ಮ ಮಾಗಿ. ಬರುವಾಗ ಬೆಟ್ಟದಂಚಿಗೆ ಕಾರು ನಿಲ್ಲಿಸಿದ ಮುನಾಫ. ಕೆಳಗೆ ಕಣಿವೆ... ಯಾರೋ ಭೂಮಿಯನ್ನು ಹೋಳುಮಾಡಿ ಮತ್ತೆ ಕೂಡಿಸಲು ಮರೆತಂತೆ. ಮೋಡದ ನೆರಳು ಅದರ ತಳದಲ್ಲಿ ದನದ ಹಿಂಡಿನಂತೆ ನಡೆಯುತ್ತಿತ್ತು.

ಹೋಟೆಲಿನಲ್ಲಿ ಜಾಗವಿಲ್ಲ ಅಂದರು. ಕೋಣೆಗಳಿಗೆ ಕೊರತೆ ಇರಲಿಲ್ಲ. ಬಿಳಿಯರಿಗೆ ಮಾತ್ರ. ಗುಜರಾತಿ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಇಳಿದೆವು. ಆ ಮನೆಯಾಕೆ ಬಿಸಿ ಖಿಚಡಿಗೆ ತುಪ್ಪ ಸುರಿದಳು. ಹೋಟೆಲಿನಲ್ಲಿ ಇದು ಸಿಗುತ್ತಿರಲಿಲ್ಲ ಎಂದು ಸಮಾಧಾನ ಹೇಳಿಕೊಂಡೆ. ಸಮಾಧಾನ ಹೇಳಿಕೊಳ್ಳಬೇಕಾಯಿತಲ್ಲ ಎಂದು ಸಿಟ್ಟೂ ಬಂತು.

ಸಂಜೆ ಕೆರೆ. ದಂಡೆಯುದ್ದಕ್ಕೂ ಗುಲಾಬಿ ಬಣ್ಣ. ಹೂವೆಂದುಕೊಂಡೆ. ಹೂವು ನಡೆದವು! ಫ್ಲೆಮಿಂಗೋ — ಲಕ್ಷವೋ, ಎರಡು ಲಕ್ಷವೋ.

"ಹೆಂಗದ, ಹೇಳು" ಅಂದರು.

"ನೀವೂ ನೋಡ್ಲಿಕತ್ತೀರಲ್ಲ."

"ನೀ ಹೆಂಗ ನೋಡ್ತಿ ಅನ್ನೋದು ಕೇಳಬೇಕು."

ಹೇಳಿದೆ. ನೇಕಾರರು ಬಣ್ಣಕ್ಕೆ ಹಾಕಿದ ನೂಲನ್ನು ಬೀದಿಯುದ್ದಕ್ಕೂ ಒಣಗಿಸಿದಂತೆ ಎಂದೆ. ಎಲ್ಲವೂ ತಲೆ ತಗ್ಗಿಸಿ ನೀರಲ್ಲಿ ಏನೋ ಕಳೆದುಕೊಂಡಂತೆ ಹುಡುಕುತ್ತಿವೆ ಎಂದೆ. ಈಗ ಎದ್ದವು, ರೆಕ್ಕೆಯ ಒಳಗೆ ಕುಂಕುಮ, ಅಂಚಿಗೆ ಕಾಡಿಗೆ... ಇವರು ಕಣ್ಣು ಮುಚ್ಚಿ ಕೇಳಿದರು. ಮುಖದ ಮೇಲೆ ಅಂಥ ಸಂತೋಷ ನೋಡಿ ಬಹಳ ವರ್ಷವಾಗಿತ್ತು.

ಇನ್ನೊಬ್ಬರಿಗೆ ಕಣ್ಣಾಗುವುದು ಇಷ್ಟು ಸುಖವೇ? ಹಾಗಾದರೆ ನಾನು ಸುಮ್ಮನಿರುವುದು ಇವರಿಗೆ ನೋವಾಗಬಾರದೆಂದೋ, ಈ ಸುಖ ತಪ್ಪಬಾರದೆಂದೋ?

ಆಗಸ್ಟ್ 4, ಗುರುವಾರ. ಅಂಬೊಸೆಲಿ

ಬೆಳಗಾಗುವ ಮುಂಚೆ ತಂಬುವಿನಿಂದ ಹೊರಬಂದೆ. ಮೋಡದ ಮೇಲೆ, ಆಕಾಶದ ನಡುವೆ ಹಿಮದ ಬೆಟ್ಟ. ಬುಡವೇ ಇಲ್ಲ. ಕೆಳಗೆ ಬಯಲಲ್ಲಿ ಸಿಂಹಿಣಿ, ಮೂರು ಮರಿ. ಒಂದು ಮರಿ ತಾಯಿಯ ಬಾಲ ಹಿಡಿದು ಎಳೆಯುತ್ತಿತ್ತು, ತಾಯಿ ಆಕಳಿಸುತ್ತಿತ್ತು. ಸಿಂಹವೂ ಆಕಳಿಸುತ್ತದೆ, ನಮ್ಮ ಅತ್ತೆ ಗೋಪಿಕಾಬಾಯಿಯವರು ಮಧ್ಯಾಹ್ನ ಆಕಳಿಸುವ ಹಾಗೆಯೇ. ಇವರಿಗೆ ಹೇಳಿ ನಗಿಸಿದೆ.

ನಗುತ್ತಲೇ ಅಂದರು, "ಕುಬೇರಪ್ಪಗ ಕಾಗದ ಬರದುಬಿಡು. ಅಕ್ಟೋಬರ್ ಹತ್ತಕ್ಕ ಬರ್ತೀನಿ ಅಂತ."

"ಕೈ ನೋಯ್ಲಿಕತ್ತದ."

"ದಿನಾ ಡೈರಿ ಬರೀತಿ, ಆವಾಗ ನೋಯೂದಿಲ್ಲೇನು?"

ಇನ್ನು ತಡೆಯಲಾಗಲಿಲ್ಲ. "ಹಂಸಭಾವಿಯೊಳಗ ಬೆಳಕು ಹತ್ರ ತಾ, ಹತ್ರ ತಾ ಅಂದ್ರಿ..."

"ಸೆಲ್ಲು ಸಪ್ಪಗಾಗಿದ್ವು."

"ಹೊಸಾ ಸೆಲ್ಲು. ನಾನೇ ಹಾಕಿದ್ದೆ."

ಕೈ ಮುಂದೆ ಚಾಚಿ ನನ್ನ ಮುಖದೆದುರು ಹಿಡಿದರು. "ನೋಡು. ನಡುಗತದೇನು?"

ಒಂದಿಷ್ಟೂ ನಡುಗಲಿಲ್ಲ. ಎಷ್ಟು ಚಂದದ ಕೈ ಅವು! ಉದ್ದ ಬೆರಳು, ಕತ್ತರಿಸಿದ ಉಗುರು, ಎಷ್ಟು ಜನರಿಗೆ ಬೆಳಕು ಕೊಟ್ಟ ಕೈ. ಆ ಕೈಯ ಮೇಲೆ ನನಗೆ ಯಾವತ್ತೂ ಅನುಮಾನ ಇರಲಿಲ್ಲ. ನಾನು ಕೇಳಿದ್ದು ಕೈಯ ಬಗ್ಗೆ ಅಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಕಾಗದ ಬರೆಯಲಿಲ್ಲ. ಇವರು ಹೇಳಿದ್ದನ್ನು ನಾನು ಬರೆಯದಿದ್ದದ್ದು ಇದೇ ಮೊದಲು. ಇಡೀ ದಿನ ಪ್ರಾಣಿಗಳ ಬಗ್ಗೆ ಏನೂ ಕೇಳಲಿಲ್ಲ ನನ್ನನ್ನು.

ಆಗಸ್ಟ್ 9, ಮಂಗಳವಾರ. ವೋಯಿ, ಸಂಜೆ

ಈಗ ಬರೆಯಬಲ್ಲೆ.

ಸಾವೋ ಪಾರ್ಕು. ಮಣ್ಣು ಕೆಂಪು, ರಸ್ತೆ ಕೆಂಪು, ಅದರಲ್ಲಿ ಹೊರಳಿ ಆನೆಗಳೂ ಕೆಂಪಂತೆ. ಬೆಳಗಿನಿಂದ ಒಂದೂ ಸಿಕ್ಕಿರಲಿಲ್ಲ. ತಿರುವಿನಲ್ಲಿ ಮುನಾಫ ಕೂಗಿದ, "ಬಾಯಾರ, ನಮ್ಮೂರ ಮರ!"

ದೊಡ್ಡ ಹುಣಸೆ! ಹೆಸರಷ್ಟೇ ಹುಣಸೆ, ಇಂಗ್ಲಿಷಿನಲ್ಲಿ ಬಾವೊಬಾಬ್. ಸವಣೂರಿನ ಮಠದ ಅಂಗಳದಲ್ಲಿ ಮೂರೇ ಮೂರಿವೆ. ಬುಡ ನೋಡಿದರೆ ಮನೆಯಷ್ಟು. ಊರಿಗೆ ಯಾರು ಬಂದರೂ ಕರೆದೊಯ್ದು ತೋರಿಸುತ್ತೇವೆ, ಬಂದವರು ಬುಡಕ್ಕೆ ಕೈಯಿಟ್ಟೇ ಹೋಗಬೇಕು. ನಮ್ಮ ಮದುವೆಯ ಮರುದಿನ ಬೀಗರೆಲ್ಲ ಕೈಕೈ ಹಿಡಿದು ಆ ಬುಡವನ್ನು ಸುತ್ತಿದ್ದೆವು. ಆ ಸುತ್ತಿನಲ್ಲೇ ಮೊದಲ ಸಲ ಇವರ ಕೈ ಹಿಡಿದದ್ದು.

"ನಮ್ಮೂರಾಗ ಮೂರ ಅದಾವಂತ ಎಷ್ಟ ಮೆರೀತಿದ್ವಿ" ಅಂದ ಮುನಾಫ. "ಇಲ್ಲೆ ನೋಡ್ರಿ, ಬೇಲಿಗೆ ಹಚ್ಚಿದಂಗ ಬೆಳದಾವ!"

ಕಾರು ಕಾದು ಬಿಸಿಯಾಗಿತ್ತು. ಮುನಾಫ ಬಾನೆಟ್ಟು ಎತ್ತಿ ನೀರು ಹಾಕುತ್ತಿದ್ದ. ನಾನು ಅವಲಕ್ಕಿ ಡಬ್ಬಿ ಬಿಚ್ಚುತ್ತಿದ್ದೆ. "ದೊಡ್ಡ ಹುಣಸಿ ಮುಟ್ಟಿ ಬರ್ತೀನಿ" ಎಂದು ಇವರು ಇಳಿದದ್ದು ಕೇಳಿಸಿತು. ಪಾರ್ಕಿನಲ್ಲಿ ಕಾರಿನಿಂದ ಇಳಿಯಬಾರದೆಂಬ ನಿಯಮ ನನಗೂ ನೆನಪಾಗಲಿಲ್ಲ. ಊರ ಮರ ಮುಟ್ಟಲು ಹೋಗುವವರನ್ನು ಯಾರು ತಡೆಯುತ್ತಾರೆ?

ತಲೆಯೆತ್ತಿದಾಗ ಇವರು ಮರವನ್ನು ದಾಟಿದ್ದರು. ಕೈ ಮುಂದೆ ಚಾಚಿ, ಅದರಾಚೆಗಿನ ಇನ್ನೊಂದು ಬುಡದ ಕಡೆ ನಡೆಯುತ್ತಿದ್ದರು. ಅಷ್ಟೇ ದಪ್ಪ, ಅಷ್ಟೇ ಕೆಂಪು, ಅಷ್ಟೇ ಸುಕ್ಕು.

ಅದು ಕಿವಿ ಆಡಿಸಿತು.

"ಏನ್ರೀ!" ಅಂದೆ. "ಏನ್ರೀ, ಇಲ್ನೋಡ್ರೀ!"

ತಿರುಗಿ ನೋಡದೆ ಕೈ ಬೀಸಿದರು. ಮನೆಯಲ್ಲೂ ಹೀಗೆಯೇ. "ಏನ್ರೀ" ಅಂದರೆ ಚಹಾ ಆಗಿದೆ, ಎಲೆ ಹಾಕಿದೆ. ಬಂದೆ ತಡಿ ಎಂದು ಕೈ ಬೀಸುವುದು. ಇಪ್ಪತ್ತಾರು ವರ್ಷದಿಂದ ನಾನು ಕರೆದದ್ದು ಅದೊಂದೇ ಕರೆ, ಅದಕ್ಕೆ ಅದೊಂದೇ ಉತ್ತರ.

ಇನ್ನೂ ಎರಡು ಹೆಜ್ಜೆ ಇಟ್ಟರು.

"ಪ್ರಹ್ಲಾದ!"

ಹೆಸರಿನ ಕೊನೆಗೆ 'ರಾಯರು' ಇಲ್ಲ, ಒಡಪಿಲ್ಲ, ಏನೂ ಇಲ್ಲ. ನನ್ನ ಗಂಟಲಿನಿಂದ ಬಂದ ದನಿಯೇ ಅಲ್ಲ ಅದು. ಇವರು ನಿಂತಲ್ಲೇ ಕಲ್ಲಾದರು. ಆನೆ ಕಿವಿ ಅಗಲಿಸಿತು, ಎರಡು ಬಾಗಿಲು ತೆರೆದಂತೆ. ಸೊಂಡಿಲು ಮೇಲೆತ್ತಿತು.

"ನಿಂದರ್ರಿ ಸಾಹೇಬ್ರ..." ಮುನಾಫನ ಪಿಸುಮಾತು. "ಹಂಗ ನಿಂದರ್ರಿ. ಉಸರಾಡಬ್ಯಾಡ್ರಿ."

ಎಷ್ಟು ಹೊತ್ತೋ. ಆ ಭಯದಲ್ಲೂ ನೋಡಿದೆ, ನೋಡದೆ ಇರಲು ಆಗಲಿಲ್ಲ. ಕಣ್ಣಿನ ಸುತ್ತ ನೆರಿಗೆ, ಉದ್ದ ರೆಪ್ಪೆ, ಸೊಂಡಿಲ ತುದಿ ಇವರ ತಲೆಯ ಮೇಲಿನ ಗಾಳಿಯನ್ನು ಮೂಸುತ್ತಿದ್ದದ್ದು. ಅಷ್ಟು ದೊಡ್ಡ ಜೀವ ಅಷ್ಟು ನಿಧಾನವಾಗಿ ಯೋಚಿಸಿತು. ಆಮೇಲೆ ಒಂದು ಹೆಜ್ಜೆ ಹಿಂದೆ. ತಿರುಗಿ, ಸದ್ದೇ ಇಲ್ಲದೆ ಮುಳ್ಳುಪೊದೆಯೊಳಗೆ ಹೋಯಿತು. ಅಷ್ಟು ದೊಡ್ಡದು ಸದ್ದಿಲ್ಲದೆ ನಡೆದದ್ದು... ದೇವರು ಎದ್ದು ಹೋದ ಹಾಗಿತ್ತು.

ಮುನಾಫ ಹೋಗಿ ಕೈ ಹಿಡಿದು ಕರೆತಂದ. ಸೀಟಿನಲ್ಲಿ ಕುಳಿತು, ಚಾಚಿದ್ದ ಕೈಯನ್ನು ತೊಡೆಯ ಮೇಲಿಟ್ಟುಕೊಂಡರು.

"ಮರ ಉಸುರುಬಿಟ್ಟಂಗಾತು" ಅಂದರು.

ಆಮೇಲೆ, "ಮರಕ್ಕೂ ಆನಿಗೂ ಫರಕು ತಿಳೀಲಿಲ್ಲ ನನಗ. ನಾಳೆ ಕಣ್ಣಿನೊಳಗಿನ ಪೊರೆಗೂ ಕಣ್ಣಿಗೂ..."

ಅಲ್ಲಿಗೇ ನಿಲ್ಲಿಸಿದರು.

ಆಗಸ್ಟ್ 10, ಬುಧವಾರ. ವೋಯಿ

ಬೆಳಿಗ್ಗೆ ತಾವಾಗಿ ಹೇಳಿದರು. ಒಂದು ವರ್ಷವಾಯಿತಂತೆ. ಪೊರೆಯಾಗಿದ್ದರೆ ಯಾರಾದರೂ ತೆಗೆಯುತ್ತಿದ್ದರು, ಇದು ಕಣ್ಣಿನ ಹಿಂದಿನದು. "ನಡುವ ಹೊಗಿ ತುಂಬಿದಂಗ ಅದ. ಅಂಚಿಗಷ್ಟ ಕಾಣ್ತದ. ಇದಕ್ಕ ಔಷಧ ಇಲ್ಲ."

"ಯಾಕ ಹೇಳಲಿಲ್ಲ ನನಗ?"

"ನೀ ಯಾಕ ಕೇಳಲಿಲ್ಲ?"

ಒಂದೇ ತಪ್ಪನ್ನು ಇಬ್ಬರೂ ಬೇರೆ ಬೇರೆ ಕೂತು ಮಾಡಿದ್ದೆವು.

ಮುನಾಫ ಚಹಾ ತಂದ. ಎರಡು ದಿನಕ್ಕೆ ಸಾಕಾಗುವಷ್ಟು ಬೈದ, ಸಾಹೇಬರಿಗೆ, ನನಗೆ, ತನಗೂ. ಕೊನೆಗೆ ತಡೆಯಲಾರದೆ, "ಸಾಹೇಬ್ರ, ಆನಿಗಿಂತ ನೀವ ಹೆಚ್ಚ ಹೆದರಿದ್ದು ಬಾಯಾರ ದನಿಗೆ, ಖರೇ ಹೇಳ್ರಿ!"

"ಅವ್ವ ಸತ್ತುಹೋದಾಕಿ ಬಂದು ಕರದಳು ಅಂದ್ಕೊಂಡೆ" ಅಂದರು ಇವರು. "ಹಂಗ ಕರಿಯಾಕಿ ಅಕಿ ಒಬ್ಬಾಕೀನೇ."

"ಅಯ್ಯ, ಅತ್ತೆ ಇನ್ನೂ ಗಟ್ಟಿಮುಟ್ಟಿ ಇದ್ದಾರ!" ಅಂದೆ.

"ಹೌದಲ್ಲ! ಹೆದರಿಕ್ಯಾಗ ಅದೂ ಮರತಿತ್ತು."

ಮೂವರೂ ನಕ್ಕೆವು. ನನಗೆ ನಗುವಿನ ನಡುವೆ ಅಳು ಬಂತು. ಇವರು ನೋಡಲಿಲ್ಲ. ಅಂಚಿನಿಂದ ನೋಡಿರಲೂಬಹುದು.

ಆಮೇಲೆ ಹಟ ಹಿಡಿದರು: ಹೆಸರು ಈಗ ಒಡಪು ಹಚ್ಚಿ ಸರಿಯಾಗಿ ಹೇಳಬೇಕು. ಮುನಾಫನೂ ಸೇರಿಕೊಂಡ. ಹೇಳಿದೆ —

ಕೆಂಪು ಮಣ್ಣು ಬಳಕೊಂಡ ಆನಿ, ಕೆಂಪು ಮಣ್ಣು ಬಳಕೊಂಡ ಮರ,
ನಡುವ ದಾರಿ ತಪ್ಪಿ ನಿಂತವರು ನಮ್ಮ ಪ್ರಹ್ಲಾದರಾಯರ.

ಮಧ್ಯಾಹ್ನ ಅದೇ ಮರಕ್ಕೆ ಮತ್ತೆ ಹೋದೆವು. ಮುನಾಫ ಸುತ್ತೆಲ್ಲ ನೋಡಿ ಬಂದು ಹೂಂ ಅಂದ. ಕೈ ಹಿಡಿದು ಕರೆದೊಯ್ದೆ. ಎರಡೂ ಅಂಗೈ ತೊಗಟೆಯ ಮೇಲಿಟ್ಟು ನಿಂತರು. "ಇದು ಮರ" ಅಂದರು. ನಾನು ಪಕ್ಕದಲ್ಲಿ ಕೈಯಿಟ್ಟೆ. ಸವಣೂರಿನದಕ್ಕಿಂತ ಬಿಸಿ ಇತ್ತು. ಬಿಸಿಲಿಗಿರಬೇಕು.

ಆಗಸ್ಟ್ 17, ಬುಧವಾರ. ಮೊಂಬಾಸಾ

ಒಂದು ವಾರ ಬರೆಯಲಿಲ್ಲ. ನೋಡುವುದು, ಹೇಳುವುದು — ಅದರಲ್ಲೇ ದಿನ ಹೋಯಿತು. ಈಗ ಇವರು ನಾಚದೆ ಕೇಳುತ್ತಾರೆ, ನಾನು ಅಳುಕದೆ ಹೇಳುತ್ತೇನೆ. ಕಾಣದ್ದನ್ನು ಕಂಡಿತು ಅನ್ನುವುದಿಲ್ಲ ಎಂದು ಇಬ್ಬರೂ ಒಪ್ಪಿದ್ದೇವೆ. ಮೊಂಬಾಸಾಕ್ಕೆ ಬರುವ ದಾರಿಯಲ್ಲಿ ಸಂಜೆ ಆನೆಗಳ ಹಿಂಡು ರಸ್ತೆ ದಾಟಿತು, ಮುಂದೆ ಮುದಿ ಹೆಣ್ಣಾನೆ, ನಡುವೆ ಮರಿಗಳು. "ಮರಿ ಯಾವ ಕಡೆ ಅದ?" "ಅವ್ವನ ಹೊಟ್ಟಿ ಕೆಳಗ. ಸೊಂಡಿ ಏನು ಮಾಡಬೇಕು ತಿಳೀದೆ ಸುಮ್ಮನ ತೂಗಾಡಸ್ತದ." ಅದಕ್ಕೆ ನಕ್ಕದ್ದು ಇನ್ನೂ ಕಿವಿಯಲ್ಲಿದೆ.

ಇವತ್ತು ಸಮುದ್ರದ ದಂಡೆಯಲ್ಲಿ ಕೂತು ಕುಬೇರಪ್ಪನವರಿಗೆ ಕಾಗದ ಹೇಳಿದರು. ಬರೆದೆ. ಕೈ ನೋಯಲಿಲ್ಲ.

ತಮ್ಮ ಕಣ್ಣಿನ ವಿಷಯ ಮುಚ್ಚದೆ ಬರೆಸಿದರು. ಇನ್ನು ಮುಂದೆ ಕತ್ತಿ ಹಿಡಿಯುವುದಿಲ್ಲ. ಕ್ಯಾಂಪು ನಿಲ್ಲಬಾರದು, ಹುಬ್ಬಳ್ಳಿಯಿಂದ ಬೇರೆ ಸರ್ಜನ್ ಕರೆಸಿರಿ, ಅರವತ್ತು ಜನರಲ್ಲಿ ಒಬ್ಬರನ್ನೂ ವಾಪಸು ಕಳಿಸಬೇಡಿ. ಇಷ್ಟಾದ ಮೇಲೆ ತಡೆದು ನಿಂತರು. ನಾನು ಪೆನ್ನು ಎತ್ತಿ ಕಾದೆ.

"ಇನ್ನೊಂದು ಬರಿ. ನಾನೂ ಬರ್ತೀನಿ. ಬ್ಯಾಟರಿ ನಾ ಹಿಡೀತೀನಿ, ನನ್ನ ಕೈ ನಡುಗೂದಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಎಲ್ಲಿ ಹಿಡೀಬೇಕು ಅನ್ನೋದು ನೀ ಹೇಳು."

ಸಹಿ ಇವರದೇ. ಬೆರಳಿಟ್ಟು ಜಾಗ ತೋರಿಸಿದೆ, ಅಕ್ಷರ ಮಾತ್ರ ಮೊದಲಿನಷ್ಟೇ ಗಟ್ಟಿ. ಲಕೋಟೆಯ ಹಿಂದೆ ಕಳಿಸಿದವರ ಹೆಸರು ಬರೆಯುವ ಜಾಗವನ್ನು ಇಷ್ಟು ವರ್ಷ ಇವರಿಗೇ ಬಿಡುತ್ತಿದ್ದೆ. ಇವತ್ತು ನಾನೇ ಬರೆದೆ. ಪ್ರಹ್ಲಾದರಾಯ, ಹಾನಗಲ್. ಮಸಿ ಆರುವವರೆಗೆ ನೋಡುತ್ತ ಕುಳಿತೆ.

ನಮ್ಮ ಬೋಟು ಮುಂದಿನ ತಿಂಗಳು. ಟಪಾಲಿನ ಬೋಟು ಈ ಶುಕ್ರವಾರವೇ, ಆಗಸ್ಟ್ 19ಕ್ಕೆ, ಹೊರಡುತ್ತದೆ. ನಾಳೆ ಬೆಳಿಗ್ಗೆ ಇಬ್ಬರೂ ನಡೆದೇ ಹೋಗಿ ಡಬ್ಬಿಗೆ ಹಾಕುವುದು.