ನಲವತ್ತೊಂದು ಡಿಸ್ಕ್‌ಗಳ ಬಳುವಳಿ

ಷಿಕಾಗೊ
ಅಕ್ಟೋಬರ್ ೧೧, ಶನಿವಾರ

ಮುದ್ದಿನ ವರ್ಲಾ ಅಜ್ಜಿಗೆ,

ಬಂದೇಬಿಡ್ತು ಅಜ್ಜಿ, ಹೊಸ ಗೇಮ್ ಕನ್ಸೋಲ್ ನಮ್ಮನೆಗೆ ಬಂದೇಬಿಡ್ತು, ಅದೂ ಬೆಲೆ ಏರುವುದಕ್ಕೆ ಸರಿಯಾಗಿ ಒಂದು ದಿನ ಮುಂಚೆ. ಮದುವೆಯಾಗಿ ಆರು ವಾರವಾದರೂ ಒಂದು ಸಾಲು ಬರೆಯದವಳು ಈಗ ಮೊದಲು ಹೇಳುವುದು ಇದನ್ನೇ ಅಂತ ಬೈಯಬೇಡ, ಕ್ಷಮಿಸು. ಕಿಟಕಿಗಳಿಗೆಲ್ಲ ಹಳದಿ ಪರದೆ ಹಾಕಿದೆ. ಮೀಟ್‌ಲೋಫ್ ಎರಡು ಸಲ ಸೀಯಿಸಿದೆ, ಡೇರಿಲ್ ಎರಡು ಸಲವೂ ತಟ್ಟೆ ಖಾಲಿ ಮಾಡಿದ. ಇಂಥ ಗಂಡ ಎಲ್ಲಿ ಸಿಗುತ್ತಾನೆ ಹೇಳು.

ಕನ್ಸೋಲಿನಲ್ಲಿ ಎರಡು ಬಗೆ. ಡಿಸ್ಕ್ ಹಾಕಲು ಬಾಯಿರುವುದರ ಬೆಲೆ ಈ ವರ್ಷ ಎರಡು ಸಲ ಏರಿ ಕೈಗೆಟುಕದಂತಾಗಿದೆ. ನಮ್ಮದು ಬಾಯಿಲ್ಲದ್ದು. ಆಟಗಳನ್ನೆಲ್ಲ ಇಂಟರ್‌ನೆಟ್‌ನಲ್ಲೇ ಕೊಳ್ಳಬೇಕು, ಒಂದೊಂದಕ್ಕೆ ಎಂಬತ್ತು ಡಾಲರ್. ಆಡಿ ಮುಗಿಸಿ ಇನ್ನೊಬ್ಬರಿಗೆ ಕೊಡುವ ಹಾಗೂ ಇಲ್ಲ. ಹಾಗಾಗಿ ನೀನು ಬಳುವಳಿ ಅಂತ ಕೊಟ್ಟ ನಲವತ್ತೊಂದು ಆಟದ ಡಿಸ್ಕ್‌ಗಳಲ್ಲಿ ಒಂದನ್ನೂ ಇದರಲ್ಲಿ ಆಡಲಾಗದು. ಪೆಟ್ಟಿಗೆ ಬೀರುವಿನಲ್ಲಿ ಭದ್ರವಾಗಿದೆ.

ಕಳೆದ ಭಾನುವಾರ ಅತ್ತೆ ಲೊರೇನ್ ಫುಟ್‌ಬಾಲ್ ನೋಡಲು ಬಂದಿದ್ದರು. "ನಮ್ಮ ಕಡೆ ಮದ್ವೆಗೆ ತಟ್ಟೆ-ಲೋಟ ಕೊಡ್ತಾರಮ್ಮ. ನಿಮ್ಮಜ್ಜಿ ನೋಡು, ಬಿಯರ್ ಬಾಟ್ಲಿ ಅಡಿಗೆ ಇಡೋಕೆ ಬಿಲ್ಲೆ ಕೊಟ್ಟಿದಾರೆ," ಅಂದರು.

ಡೇರಿಲ್ ಬಿದ್ದು ಬಿದ್ದು ನಕ್ಕ. "ಈ ಕಾಲದಲ್ಲಿ ಪ್ಲಾಸ್ಟಿಕ್ ಯಾರು ಇಟ್ಕೋತಾರೆ ಕೋರಾ? ಬೇಕಾದ್ರೆ ಮತ್ತೆ ಕೊಂಡ್ರಾಯ್ತು ಬಿಡೆ."

ನಾನೂ ನಕ್ಕು ಚಿಪ್ಸ್ ತರಲು ಎದ್ದೆ. ನಾವಿಬ್ಬರೂ ಆಡಿ ಒಂದೊಂದು ಆಟ ಮುಗಿಸಿದಾಗಲೆಲ್ಲ ನೀನು ಡಿಸ್ಕ್ ಡಬ್ಬಿಯ ಹೊದಿಕೆ ಕಾಗದದ ಹಿಂದೆ ಬರೆದದ್ದನ್ನು ಅವರಿಗೆ ಹೇಗೆ ಹೇಳಲಿ? 'ಕೋರಾ, ಒಂಬತ್ತು ವರ್ಷ. ಅವಳಮ್ಮ ಬಿಟ್ಟುಹೋದ ವಾರ. ಮಾತಾಡಲಿಲ್ಲ, ಏಳು ಕೋಟೆ ಗೆದ್ದಳು.'

ಬೆರಳಿನ ಕೀಲುಗಳಿಗೆ ಮುಲಾಮು ಹಚ್ಚಿಕೋ. ಚರ್ಚಿನಲ್ಲಿ ನಮ್ಮಿಬ್ಬರ ಹೆಸರನ್ನೂ ಹೇಳು. ಆಡಲು ಕೂತರೆ ಮೊದಲ ಕಂಟ್ರೋಲರ್ ಯಾವತ್ತಿಗೂ ನಿನ್ನದೇ.

ನಿನ್ನ
ಕೋರಾ

ತಾ.ಕ.: ಪೆಟ್ಟಿಗೆ ಬೀರುವಿನಲ್ಲಿಲ್ಲ ಅಜ್ಜಿ, ಮೇಲೆ ಸುಳ್ಳು ಬರೆದೆ. ಗುರುವಾರ ಬಾಗಿಲು ತೆಗೆದಾಗ ಗೊತ್ತಾಯಿತು. ಕನ್ಸೋಲಿಗೆ ಕಡಿಮೆಬಿದ್ದ ಹಣಕ್ಕೆ ಡೇರಿಲ್ ಅದನ್ನು ಹಳೆ ಆಟಗಳ ಅಂಗಡಿಗೆ ಹಾಕಿ ಬಂದಿದ್ದ. ನಿನ್ನೆ ಅಲ್ಲಿಗೆ ಓಡಿದೆ. ಹೊಸದರ ಬೆಲೆ ಕಂಡು ಜನ ಹಳೆಯದಕ್ಕೆ ಮುಗಿಬಿದ್ದಿದ್ದಾರಂತೆ, ಉಳಿದಿದ್ದದ್ದು ಏಳು ಕೋಟೆಯ ಆಟ ಒಂದೇ. ಅವನಿಗೆ ಮೂರು ಡಾಲರ್ ಕೊಟ್ಟು ಕೊಂಡಿದ್ದಕ್ಕೆ ನನ್ನಿಂದ ಅರವತ್ತು ತೆಗೆದುಕೊಂಡರು. ಬಿಚ್ಚಿ ನೋಡಿದರೆ ಹೊದಿಕೆ ಹೊಸದು. "ಗೀಚಿದ್ದನ್ನ ಯಾರೂ ತಗೊಳಲ್ಲ ಮೇಡಂ, ತೆಗೆದು ಬಿಸಾಕ್ತೀವಿ," ಅಂದಳು ಅಂಗಡಿಯವಳು.

ಡೇರಿಲ್‌ಗೆ ಹೇಳಿದೆ. "ಅದರಲ್ಲೇನಿತ್ತು ಅಂತ ನಿಂಗೆ ಬಾಯಿಪಾಠ ಇದೆಯಲ್ಲ?" ಅಂದ.

ಇದೆ.

ನಿನ್ನ ಹಳೆ ಕನ್ಸೋಲ್ ಇನ್ನೂ ನಡೆಯುತ್ತದೆ ತಾನೆ? ಹೊಸ ಹೊದಿಕೆಯ ಹಿಂದೆ ಬರೆಯಲು ಒಂದು ಪೆನ್ನು ಹುಡುಕಿಡು. ವಾಪಸ್ ಟಿಕೆಟ್ ತೆಗೆದಿಲ್ಲ. ಬರುವ ಶುಕ್ರವಾರ, ಸಂಜೆಯ ಇಲಿನಾಯ್ ಜೆಫಿರ್ ರೈಲಿಗೆ ಬರುತ್ತೇನೆ, ಒಬ್ಬಳೇ.