ಸಕ್ಕರೆ ತಟ್ಟೆಯಲ್ಲಿ ಬೆಳೆದದ್ದು

ಅಕ್ಕಾ,

ಮೂರು ಸಲ ಫೋನ್ ಎತ್ತಿ ಕೆಳಗಿಟ್ಟೆ. ನಿನ್ನ ದನಿ ಕೇಳಿದರೆ ಧೈರ್ಯ ಸಾಲದೆ ಇನ್ನೇನೋ ಹೇಳಿಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ಭಾವ ಪಕ್ಕದಲ್ಲಿದ್ದಾಗ ಓದು. ಹೋದ ವಾರ ನಾನು ಹೇಳಿದ್ದು ತಪ್ಪು. ಚಿಣ್ಣಿಗೆ ನನ್ನ ಹತ್ತಿರ ಮದ್ದಿಲ್ಲ.

"ನನ್ನ ಮಗಳಿಗೆ ಆಗಿರೋದಾದರೂ ಏನು?" ಎಂದು ನೀನು ಕೇಳಿದ್ದೆ. ಜೀವಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಕ್ಕೆ ಬೇಕಾದ ಪ್ರೋಟೀನುಗಳೆಲ್ಲ ಹೆಚ್ಚುಕಡಿಮೆ ಹೊರಗೇ ತಯಾರಾಗುತ್ತವೆ. ಅದರ ಹೊರಪೊರೆಯಲ್ಲೊಂದು ಬಾಗಿಲು. ಬಂದವರನ್ನು ಗುರುತಿಸಿ ಒಳಗೆ ಬಿಡಲು ಕಾವಲುಗಾರರು. ಚಿಣ್ಣಿಯಲ್ಲಿ ಒಬ್ಬ ಕಾವಲುಗಾರ ಹುಟ್ಟಿನಿಂದಲೇ ಕೆಟ್ಟಿದ್ದಾನೆ. "ಹಾಗಾದ್ರೆ ಬೇರೆಯವನನ್ನ ನಿಲ್ಲಿಸೇ, ಅದಕ್ಕೇನಂತೆ!" ಅಂದೆ ನೀನು. ನನಗೆ ನಗು ಬಂತು. ಆದರೆ ಆ ಮಾತು ತಲೆಯಲ್ಲಿ ಕೂತುಬಿಟ್ಟಿತು.

ಆ ಬಾಗಿಲು ಯೀಸ್ಟಿನಲ್ಲೂ ಗಿಡದಲ್ಲೂ ನಮ್ಮಲ್ಲೂ ಬಹುಪಾಲು ಒಂದೇ. ಕಾವಲುಗಾರರು ಬೇರೆ. ಗಿಡದವನು ನಮ್ಮವರಿಗೆ ಸಂಬಂಧಿಯೇ ಅಲ್ಲ, ಪೊರೆಗೆ ತಲೆಕೆಳಗಾಗಿ ಅಂಟಿಕೊಂಡೂ ಅದೇ ಕೆಲಸ ಮಾಡುತ್ತಾನೆ. ನಮ್ಮ ಪ್ರಯೋಗಾಲಯದಲ್ಲಿ ಚಿಣ್ಣಿಯ ದೋಷವನ್ನೇ ಯೀಸ್ಟಿಗೆ ಸೇರಿಸಿ, ಗಿಡದವನನ್ನು ತಂದು ನಿಲ್ಲಿಸಿದೆ. ಯೀಸ್ಟ್ ಬೆಳೆಯಿತು! ಕೈಗವಸು ಕೂಡ ಬಿಚ್ಚದೆ ಫೋನ್ ಮಾಡಿದೆ: "ಅಕ್ಕಾ, ಬಾಗಿಲು ತೆರೀತು ಕಣೇ!"

ಅಲ್ಲಿ ಯೀಸ್ಟ್ ಬೆಳೆಸಲು ಎರಡು ಬಗೆಯ ತಟ್ಟೆಗಳಿವೆ. ಸಕ್ಕರೆ ಹಾಕಿದ್ದಕ್ಕೆ ಅಂಚಿನಲ್ಲಿ ಕಪ್ಪು ಗೆರೆ, ಗ್ಲಿಸರಿನ್ ಹಾಕಿದ್ದಕ್ಕೆ ಕೆಂಪು. ಸಕ್ಕರೆ ಸಿಕ್ಕರೆ ಸಾಕು, ಮೈಟೊಕಾಂಡ್ರಿಯ ಕೈಕೊಟ್ಟರೂ ಯೀಸ್ಟ್ ಹಾಯಾಗಿ ಬೆಳೆಯುತ್ತದೆ. ಗ್ಲಿಸರಿನ್ ಅರಗಿಸಿಕೊಳ್ಳಲು ಮೈಟೊಕಾಂಡ್ರಿಯ ಬೇಕೇ ಬೇಕು, ಅದರ ಮೇಲೆ ಬೆಳೆದರಷ್ಟೇ ಗೆದ್ದಂತೆ. ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಇದನ್ನು ಹೇಳಿಕೊಡುವವಳು ನಾನು, ನೋಡು! ಎರಡು ತಟ್ಟೆಗಳೂ ಒಂದರ ಮೇಲೊಂದಿದ್ದವು. ಮೇಲಿನದನ್ನು ನೋಡಿದ್ದೇ ಓಡಿದೆ. ಮರುದಿನ ತಟ್ಟೆ ತಯಾರಿಸುವ ಹೆಂಗಸು, "ಮೇಡಂ, ಇದು ಕಪ್ಪು ಗೆರೆದಲ್ವಾ?" ಅಂದಳು. ಕೆಂಪು ಗೆರೆಯದು ಕೆಳಗಿತ್ತು. ಅದರಲ್ಲಿ ಒಂದು ಚುಕ್ಕೆಯೂ ಇರಲಿಲ್ಲ.

ಹೊಸದಾಗಿ ಕೆಂಪು ಗೆರೆಯ ಮೂರು ತಟ್ಟೆ ಹಾಕಿ ಆರು ದಿನ ಕಾದೆ. ಮೂರೂ ಬೋಳು. ಆ ಆರು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದೆನಲ್ಲ, ಅದು ಮೊದಲನೆಯದಕ್ಕಿಂತ ದೊಡ್ಡ ತಪ್ಪು. ಬೆಳೆದಿದ್ದರೂ ಯೀಸ್ಟಿನಿಂದ ಚಿಣ್ಣಿಯ ತನಕ ಎಷ್ಟೋ ವರ್ಷಗಳ ದಾರಿ. ಅದೂ ನನಗೆ ಗೊತ್ತಿತ್ತು. ನಿನ್ನ ಅಳು ನಿಂತಿತೆಂಬ ಖುಷಿಯಲ್ಲಿ ಹೇಳಲಿಲ್ಲ.

ಡಾಕ್ಟರು, "ಮನೆಗೆ ಕರ್ಕೊಂಡು ಹೋಗಿ, ಇರೋಷ್ಟು ದಿನ ನಿಮ್ಮ ಮಡಿಲಲ್ಲಿರ್ಲಿ" ಅಂದಿದ್ದರು. "ನನ್ನ ತಂಗಿ ದಾರಿ ಕಂಡ್ಕೊಂಡಿದಾಳೆ" ಎಂದು ಅವರ ಮುಖಕ್ಕೆ ಹೊಡೆದ ಹಾಗೆ ಹೇಳಿದೆಯಂತೆ. ಈಗ ಎರಡು ವರ್ಷದ ಕೂಸು ಐಸಿಯುವಿನ ಗಾಜಿನಾಚೆ ಕೊಳವೆಗಳ ನಡುವೆ ಮಲಗಿದೆ. ನಿನಗೆ ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ. ನೀನು ಕಳೆದುಕೊಂಡ ಏಳು ದಿನಗಳನ್ನು ನಾನು ಎಲ್ಲಿಂದ ತಂದುಕೊಡಲಿ, ಅಕ್ಕಾ?

ಅವಳನ್ನು ಮನೆಗೆ ಕರೆದುಕೊಂಡು ಹೋಗು. ಇವತ್ತೇ. ನನ್ನಿಂದ ಇನ್ನೊಂದು ಫೋನ್ ಬರಬಹುದೆಂದು ಕಾಯಬೇಡ, ಬರುವುದಿಲ್ಲ. ನನ್ನ ಮುಖ ನೋಡಲು ಮನಸ್ಸಾಗದಿದ್ದರೆ ಅದೂ ಸರಿಯೇ. ಅವಳ ಬೆನ್ನು ಸವರುತ್ತಿರು. ನಿನ್ನ ತೋಳಿನಲ್ಲಿ ಅವಳಿಗೆ ನೋವಿಲ್ಲದ ನಿದ್ದೆ ಬರಲಿ. ಇದಕ್ಕಿಂತ ಹೆಚ್ಚು ಹಾರೈಸಲು ನನಗೆ ಬಾಯಿಲ್ಲ.

ನೀನು ನಂಬಿ ಕೆಟ್ಟ,
ನಿನ್ನ ತಂಗಿ